ಮಲೆನಾಡಿನ ಸೆರಗಿನಲ್ಲಿ ಒಂದು ಬಾಡಿಗೆ ಮನೆ: ಒಬ್ಬರೇ ಊರು ಬದಲಿಸಿದವರ ಪ್ರಕರಣ

ಆಫೀಸಿನಲ್ಲಿ ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೇ ಕರೆಯುತ್ತೇನೆ. ಹದಿನಾಲ್ಕು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ಲೆಕ್ಕಪತ್ರ ನೋಡಿದವರು ನಾವು. ಬೆಂಗಳೂರು ಬಿಟ್ಟು ಸಣ್ಣ ಊರಿಗೆ ಹೋಗಬೇಕೆಂದು ಅವರು ಹೊರಟಾಗ ಮೊದಲ ದಿನದಿಂದ ಜೊತೆಗಿದ್ದೆ. ಅವರ ತಪ್ಪು ನಿರ್ಧಾರಗಳಲ್ಲಿ ಒಂದಕ್ಕೆ ನನ್ನ ಒತ್ತಾಯವೂ ಕಾರಣ. ಇದನ್ನು ಬರೆಯಲು ಅವರು ಒಪ್ಪಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಊರುಗಳನ್ನು, ಮಳೆಯನ್ನು, ದುಡ್ಡಿನ ಲೆಕ್ಕವನ್ನು ಬದಲಿಸಿಲ್ಲ.

ಹಿನ್ನೆಲೆ

ಅಕ್ಕನಿಗೆ ಆಗ 49 ವರ್ಷ. ಮದುವೆಯಾಗಿರಲಿಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬಡಾವಣೆಯಲ್ಲಿ ತಾಯಿಯ ಜೊತೆ ಬಾಡಿಗೆ ಮನೆಯಲ್ಲಿದ್ದರು. ತಾಯಿ ಹಾಸಿಗೆ ಹಿಡಿದ ಮೇಲೆ ಆಫೀಸು ಬಿಟ್ಟು, ಹನ್ನೊಂದು ಸಣ್ಣ ಅಂಗಡಿಗಳ ಜಿಎಸ್‌ಟಿ ರಿಟರ್ನ್ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದರು. ತಿಂಗಳಿಗೆ ಸುಮಾರು 38,000 ರೂಪಾಯಿ ಬರುತ್ತಿತ್ತು. ಬಾಡಿಗೆ, ಮೇಂಟೆನೆನ್ಸ್ ಸೇರಿ 17,500 ಹೋಗುತ್ತಿತ್ತು. 2022ರ ಕೊನೆಯಲ್ಲಿ ತಾಯಿ ತೀರಿಕೊಂಡರು. ಹದಿಮೂರನೇ ದಿನದ ಕಾರ್ಯ ಮುಗಿದ ವಾರಕ್ಕೇ ಮನೆ ಮಾಲೀಕರು ಬಾಡಿಗೆ ಏರಿಸುವ ಮಾತೆತ್ತಿದರು.

ತಾಯಿಯ ಕಾಯಿಲೆಯ ಆರು ವರ್ಷ ಅಕ್ಕನಿಗೆ ತಮ್ಮದೆಂದು ಇದ್ದದ್ದು ಬೆಳಗಿನ ಒಂದು ಗಂಟೆ ಮಾತ್ರ. ಕೆಲಸದವಳು ಬರುತ್ತಿದ್ದಂತೆ ಪಾರ್ಕಿಗೆ ಹೋಗಿ ನಾಲ್ಕು ಸುತ್ತು ನಡೆದು, ಮರದ ಮೇಲಿನ ಹಕ್ಕಿ ನೋಡಿ ಬರುತ್ತಿದ್ದರು. ಯಾವ ಮರದಲ್ಲಿ ಕುಟ್ರುಹಕ್ಕಿ ಪೊಟರೆ ಕೊರೆದಿದೆ ಅಂತ ನನಗೆ ಫೋನಿನಲ್ಲಿ ಹೇಳುತ್ತಿದ್ದರು. “ಇನ್ನು ಕಾಡು, ಗುಡ್ಡ, ನೀರು ಹತ್ತಿರ ಇರೋ ಕಡೆ ಹೋಗ್ಬಿಡ್ತೀನಿ ಕಣೆ, ಬಾಡಿಗೆನೂ ಕಮ್ಮಿ ಇರುತ್ತೆ” ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ.

ಒಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಅಕ್ಕನಿಗೆ ಸ್ಕೂಟರ್ ಬರುವುದಿಲ್ಲ, ಕಾರೂ ಬರುವುದಿಲ್ಲ. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಮೊದಲ ಆರು ತಿಂಗಳು ನಮ್ಮ ಯಾವ ಲೆಕ್ಕದಲ್ಲೂ ಅದು ಬರಲಿಲ್ಲ.

ಮೊದಲ ಪಟ್ಟಿ

ಪಟ್ಟಿಯಲ್ಲಿ ನಾಲ್ಕು ಊರು: ಮಡಿಕೇರಿ, ಚಿಕ್ಕಮಗಳೂರು, ಶಿರಸಿ, ಶಿವಮೊಗ್ಗ. ಮಡಿಕೇರಿಯನ್ನು ಬೇಗ ಬಿಟ್ಟೆವು. ರೈಲಿಗೆ ಮೈಸೂರಿಗೇ ಬರಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ಟಿವಿಯಲ್ಲಿ ನೋಡಿದ್ದ ಅಕ್ಕನ ತಮ್ಮ ಆ ಹೆಸರೆತ್ತಿದರೆ ಸಾಕು, ಎದ್ದು ಹೋಗುತ್ತಿದ್ದರು. ಚಿಕ್ಕಮಗಳೂರಿಗೆ 2013ರಿಂದ ರೈಲಿದೆ, ಮುಳ್ಳಯ್ಯನಗಿರಿ ಕಣ್ಣೆದುರಿಗೇ ಇದೆ. ಆದರೆ ನಾವು ಹೋದದ್ದು ಶನಿವಾರ. ಬೆಂಗಳೂರಿನ ಕಾರುಗಳ ಸಾಲು ಕಂಡು, “ಯಾರನ್ನ ಬಿಟ್ಟು ಬರ್ತಿದೀನೋ ಅವರೇ ವಾರ ವಾರ ಇಲ್ಲಿಗೆ ಬರ್ತಾರಲ್ಲ” ಅಂದರು ಅಕ್ಕ.

ಶಿರಸಿಗೆ ಹೋದದ್ದು 2023ರ ಜನವರಿಯಲ್ಲಿ. ಮೂರು ದಿನ ಪರಿಚಯದವರೊಬ್ಬರ ತೋಟದ ಮನೆಯಲ್ಲಿದ್ದೆವು. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಬೆಳಗಿನ ಚಳಿಗೆ ತೆಳ್ಳೇವು, ಜೋನಿ ಬೆಲ್ಲ. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿದ ಸಹಸ್ರಲಿಂಗಗಳ ನಡುವೆ ಅಕ್ಕ ಕಾಲು ಇಳಿಬಿಟ್ಟು ಕೂತಿದ್ದರು. ಯಾಣದ ಬಂಡೆಗಳ ಕೆಳಗೆ ನಿಂತು ಅತ್ತರು. ತಾಯಿ ಹೋದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ವಾಪಸು ಬರುವ ಬಸ್ಸಿನಲ್ಲಿ ನಾನೇ ಹೇಳಿದೆ: “ಇನ್ನೇನು ಯೋಚನೆ ಅಕ್ಕಾ, ಇಲ್ಲೇ ಮನೆ ಮಾಡಿ.” ಊರಿನ ಅಂಚಿನಲ್ಲಿ ತಿಂಗಳಿಗೆ 7,000ಕ್ಕೆ ಮನೆ ಸಿಕ್ಕಿತು. ಮೂವತ್ತು ಸಾವಿರ ಅಡ್ವಾನ್ಸ್ ಕೊಟ್ಟು ಬಂದೆವು.

ಆ ದುಃಖದಲ್ಲಿ ಆ ಬಂಡೆಗಳು ಅವರಿಗೆ ಬೇಕಿದ್ದವು. ದುಃಖಕ್ಕೆ ಒದಗಿದ ಜಾಗವನ್ನೇ ಬಾಳುವ ಜಾಗವೆಂದು ತಿಳಿದು ನಾನು ಅವಸರ ಮಾಡಿದೆ. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿದೆ.

ಜುಲೈ ತಿಂಗಳು

ಅಕ್ಕನ ತಮ್ಮ ಒಂದು ಷರತ್ತು ಹಾಕಿದರು. ಬೆಂಗಳೂರಿನ ಮನೆ ಖಾಲಿ ಮಾಡುವ ಮೊದಲು ಮಳೆಗಾಲದಲ್ಲಿ ಒಂದು ತಿಂಗಳು ಶಿರಸಿಯಲ್ಲಿ ಇದ್ದು ನೋಡಬೇಕು. ಆಗ ನಮಗೆ ಇದು ಅಡ್ಡಗಾಲು ಅನ್ನಿಸಿತು. ಇಡೀ ಪ್ರಕರಣದಲ್ಲಿ ಅತ್ಯಂತ ಬುದ್ಧಿವಂತಿಕೆಯ ಮಾತು ಅದೇ ಆಗಿತ್ತು.

ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ, ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಓದಿದರೆ ಅದು ಬರೀ ಸಂಖ್ಯೆ. ಹಂಚಿನ ಮೇಲೆ ರಾತ್ರಿಯಿಡೀ ಅದನ್ನು ಕೇಳಿಸಿಕೊಳ್ಳುವುದು ಬೇರೆ. ಬಟ್ಟೆ ಒಣಗದು. ಮೆಟ್ಟಿಲ ಮೇಲೆ ಪಾಚಿ. ರಸ್ತೆ ಬಿಟ್ಟು ಹತ್ತು ಹೆಜ್ಜೆ ಹುಲ್ಲಿಗೆ ಇಳಿದರೆ ಕಾಲಿಗೆ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಅಲ್ಲಿ ಹುಟ್ಟಿದವರಿಗೆ ಇದು ಬದುಕಿನ ಭಾಗ. ಒಲೆಯ ಮೇಲೆ ಬಟ್ಟೆ ಒಣಗಿಸುವ ಉಪಾಯ, ಮಳೆಗಾಲಕ್ಕೆ ಮೊದಲೇ ಕೂಡಿಟ್ಟ ಸೌದೆ, ಹಪ್ಪಳ, ಸಂಡಿಗೆ, ಪಕ್ಕದ ಮನೆಯವರ ಕೂಗು, ಎಲ್ಲ ಅವರಿಗಿದೆ. ಹೊಸಬರಿಗೆ, ಅದರಲ್ಲೂ ಒಬ್ಬರೇ ಇರುವವರಿಗೆ, ಮಳೆ ಮಾತ್ರ ಇರುತ್ತದೆ.

ಅಕ್ಕ ದಿನಚರಿ ಬರೆಯುವವರು. ಆ ತಿಂಗಳ 31 ದಿನಗಳಲ್ಲಿ ಅವರು ಅರ್ಧ ಗಂಟೆಗಿಂತ ಹೆಚ್ಚು ನಡೆದದ್ದು 9 ದಿನ. ಬೆಂಗಳೂರಿನ ಪಾರ್ಕಿನಲ್ಲಿ, ತಾಯಿಯ ಕಾಯಿಲೆಯ ನಡುವೆಯೂ, ತಿಂಗಳಿಗೆ 25 ದಿನಕ್ಕೆ ಕಡಿಮೆ ನಡೆದದ್ದಿಲ್ಲ. ಜಲಪಾತಗಳೆಲ್ಲ ಮೈದುಂಬಿ ಸುರಿಯುತ್ತಿದ್ದವು. ಆದರೆ ಅವು ಇದ್ದದ್ದು ಮೂವತ್ತು ನಲವತ್ತು ಕಿಲೋಮೀಟರ್ ದೂರದಲ್ಲಿ, ಬಸ್ಸು ಇಳಿದು ಇನ್ನೂ ಒಳಗೆ ಹೋಗಬೇಕಾದ ಕಡೆ. ಸ್ವಂತ ವಾಹನವಿಲ್ಲದವರಿಗೆ ಆ ಕಾಡು ಬೆಂಗಳೂರಿನಿಂದ ಎಷ್ಟು ದೂರವೋ ಶಿರಸಿಯ ಆ ಮನೆಯಿಂದಲೂ ಹೆಚ್ಚು ಕಡಿಮೆ ಅಷ್ಟೇ ದೂರ.

ಇನ್ನೊಂದು ಪೆಟ್ಟು ಕೆಲಸದ ಕಡೆಯಿಂದ ಬಂತು. ತಿಂಗಳ ರಿಟರ್ನ್ ಆದ 3ಬಿ ಹಾಕಲು 20ನೇ ತಾರೀಖು ಕೊನೆ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಮೇಲೆ ಬಡ್ಡಿ. ದಂಡಕ್ಕಿಂತ ಹೆಚ್ಚಾಗಿ ಅಂಗಡಿಯವರ ನಂಬಿಕೆ ಹೋಗುತ್ತದೆ. 18ರ ರಾತ್ರಿ ಮರ ಬಿದ್ದು ಕರೆಂಟು ಹೋಯಿತು, ಇಂಟರ್‌ನೆಟ್ ತಂತಿಯೂ ತುಂಡಾಯಿತು. ಮೊಬೈಲ್ ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. 20ರ ಬೆಳಿಗ್ಗೆಯ ಹೊತ್ತಿಗೆ ಆರು ರಿಟರ್ನ್ ಬಾಕಿ. ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದು, ಸುಮಾರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಯ ಬಸ್ಸು ಹತ್ತಿದರು. ಅಲ್ಲಿ ಒಂದು ಲಾಡ್ಜಿನಲ್ಲಿ ಕೂತು ರಾತ್ರಿ ಹತ್ತೂವರೆಗೆ ಕೊನೆಯದನ್ನು ಹಾಕಿ ನನಗೆ ಫೋನ್ ಮಾಡಿದರು. ದನಿಯಲ್ಲಿ ಸುಸ್ತಿತ್ತು. “ನಾನು ತಪ್ಪು ಮಾಡಿದೆನಾ?” ಅಂತ ಕೇಳಿದರು. ನನಗೆ ಉತ್ತರ ತೋಚಲಿಲ್ಲ.

ಪಟ್ಟಿಯಲ್ಲಿ ಇಲ್ಲದ ಊರು

ಮರುದಿನ ಬೆಳಿಗ್ಗೆ ಶಿರಸಿಗೆ ವಾಪಸು ಹೋಗುವ ಮನಸ್ಸಾಗಲಿಲ್ಲ. ಲಾಡ್ಜಿನ ಎದುರಿಗೇ ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್ಸುಗಳು ತಮ್ಮದೇ ರಸ್ತೆಯಲ್ಲಿ ಓಡುತ್ತಿದ್ದವು. ಸುಮ್ಮನೆ ಒಂದನ್ನು ಹತ್ತಿ ಧಾರವಾಡಕ್ಕೆ ಹೋದರು. ಅಲ್ಲಿಂದ ಕೇಳುತ್ತ ಕೇಳುತ್ತ ಕರ್ನಾಟಕ ವಿಶ್ವವಿದ್ಯಾಲಯದ ಆವರಣಕ್ಕೆ. ಛೋಟಾ ಮಹಾಬಳೇಶ್ವರ ಎಂದು ಕರೆಯುವ ಗುಡ್ಡದ ಮೇಲೆ ಹರಡಿದ ಆವರಣ ಅದು. ಜಿಟಿಜಿಟಿ ಮಳೆ, ಕೊಡೆ ಹಿಡಿದರೆ ಸಾಕು. ಎರಡು ಗಂಟೆ ನಡೆದರು. ಹುಡುಗಿಯರು ಪುಸ್ತಕ ಎದೆಗವಚಿಕೊಂಡು ಹೋಗುತ್ತಿದ್ದರು, ಮುದುಕರು ಸ್ವೆಟರ್ ಹಾಕಿ ವಾಕಿಂಗ್ ಮಾಡುತ್ತಿದ್ದರು. ಹುಲ್ಲಿನಲ್ಲಿ ಎರಡು ನವಿಲು.

ಶಿರಸಿಯಲ್ಲಿ ಸುರಿದ ಮೋಡವೇ ಅಂದು ಇಲ್ಲಿಗೂ ಬಂದಿತ್ತು, ಆದರೆ ಭಾರ ಇಳಿಸಿಕೊಂಡು ಬಂದಿತ್ತು. ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಸರಿದಂತೆ ಮಳೆ ಎಷ್ಟು ಬೇಗ ಕಡಿಮೆಯಾಗುತ್ತದೆ ಎಂಬುದನ್ನು ನಕಾಶೆ ನೋಡಿ ಊರು ಆರಿಸುವವರು ಗಮನಿಸುವುದೇ ಇಲ್ಲ. ಧಾರವಾಡದ ಮಳೆ ಶಿರಸಿಯ ಮೂರನೇ ಒಂದು ಪಾಲಿನ ಆಸುಪಾಸು. ಶಿವಮೊಗ್ಗ ನಗರಕ್ಕೂ ಆಗುಂಬೆಗೂ ಹೋಲಿಸಿದರೆ ಅಂತರ ಇನ್ನೂ ಹೆಚ್ಚು, ಎರಡೂ ಒಂದೇ ಜಿಲ್ಲೆಯಲ್ಲಿದ್ದರೂ. ಈ ಅಂಚನ್ನು ನಮ್ಮ ಹಿರಿಯರು ಅರೆಮಲೆನಾಡು ಅಂದರು. ಹಸಿರಿದೆ, ಕೆರೆಯಿದೆ, ಆದರೆ ವರ್ಷದ ಹೆಚ್ಚಿನ ದಿನ ಮನೆಯಿಂದ ಹೊರಗೆ ಕಾಲಿಡಬಹುದು. ಅಕ್ಕ ಹುಡುಕುತ್ತಿದ್ದದ್ದು ಮಲೆನಾಡನ್ನಲ್ಲ, ಅದರ ಸೆರಗನ್ನು. ಅದು ನಮಗೆ ತಿಳಿದದ್ದು ಆ ನಡಿಗೆಯ ಮೇಲೆ.

ಶಿರಸಿಯ ಮನೆಯವರು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದ ಅಡ್ವಾನ್ಸನ್ನು ವಾಪಸು ಕೊಟ್ಟರು. ಬರುವ ದಿನ ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಕೊಟ್ಟರು.

ಪ್ರಶ್ನೆ ಬದಲಾಯಿತು

ಅಲ್ಲಿಂದ ಮುಂದೆ “ಎಲ್ಲಿ ಚೆನ್ನಾಗಿದೆ?” ಎಂದು ಕೇಳುವುದನ್ನು ಬಿಟ್ಟೆವು. “ಮಂಗಳವಾರ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ಹೊರಟರೆ ಹತ್ತು ನಿಮಿಷದಲ್ಲಿ ಮರಗಳ ಕೆಳಗೆ ಇರುತ್ತೇನೆಯೇ?” ಇದು ಮೊದಲ ಪ್ರಶ್ನೆಯಾಯಿತು. “ರಾತ್ರಿ ಎರಡಕ್ಕೆ ಎದೆ ಹಿಡಿದುಕೊಂಡರೆ ಯಾರ ಬಾಗಿಲು ತಟ್ಟಬೇಕು, ಎಲ್ಲಿಗೆ ಹೋಗಬೇಕು?” ಇದು ಎರಡನೆಯದು. ಅಕ್ಕನಿಗೆ ಬಿಪಿ, ಥೈರಾಯ್ಡ್ ಎರಡೂ ಇವೆ. ಶಿರಸಿ ಇರುವ ಉತ್ತರ ಕನ್ನಡ ಜಿಲ್ಲೆಯ ಜನ ದೊಡ್ಡ ಆಸ್ಪತ್ರೆ ಬೇಕೆಂದು ಎಷ್ಟೋ ವರ್ಷ ದನಿ ಎತ್ತಿದ್ದು ನಮಗೆ ಸುದ್ದಿಯಾಗಿ ಮಾತ್ರ ಗೊತ್ತಿತ್ತು. ಆ ಜುಲೈನಲ್ಲಿ ಅದರ ಅರ್ಥವಾಯಿತು.

ಅಕ್ಟೋಬರ್‌ನಲ್ಲಿ ಮೂರು ವಾರ ಶಿವಮೊಗ್ಗ. ಬೆಂಗಳೂರಿಗೆ ದಿನಕ್ಕೆ ಹಲವು ರೈಲು, ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ತುಂಗೆ, ಗಾಜನೂರು, ಸಕ್ರೆಬೈಲಿನ ಆನೆಗಳು, ಮಂಡಗದ್ದೆಯ ಹಕ್ಕಿಗಳು. ಅಕ್ಕನಿಗೆ ಊರು ಬಹಳ ಹಿಡಿಸಿತು. ಸಿಗದೇ ಹೋದದ್ದು ಮನೆ. ಫೋನಿನಲ್ಲಿ ಎಲ್ಲ ಸರಿಯಾಗುತ್ತಿತ್ತು. ಮನೆ ನೋಡಲು ಹೋದಾಗ “ಯಜಮಾನ್ರು ಬರ್ಲಿಲ್ವಾ?” ಎಂಬ ಪ್ರಶ್ನೆ. ಒಬ್ಬರೇ ಎಂದ ಕೂಡಲೇ “ಫ್ಯಾಮಿಲಿಗೆ ಕೊಡೋಣ ಅಂತಿದ್ವಿ” ಎಂಬ ಉತ್ತರ. ನಾಲ್ಕು ಕಡೆ ಹೀಗಾಯಿತು. ಸಿಕ್ಕ ಎರಡು ಮನೆಗಳು ಹೊಸ ಲೇಔಟಿನ ತುದಿಯಲ್ಲಿ, ನೆರಳಿಲ್ಲದ ರಸ್ತೆಯಲ್ಲಿ, ಆಟೋ ಕರೆಯದೆ ಎಲ್ಲಿಗೂ ಹೋಗಲಾಗದ ಕಡೆ. ಹಳೆಯ ಊರಿನೊಳಗೆ ಒಬ್ಬರು ಹೂಂ ಅಂದಿದ್ದರೆ ಈ ಪ್ರಕರಣ ಶಿವಮೊಗ್ಗದಲ್ಲೇ ಮುಗಿಯುತ್ತಿತ್ತು. ಅದನ್ನು ಊರಿನ ಮೇಲೆ ಹಾಕುವುದು ಸರಿಯಲ್ಲ. ಮೂರು ವಾರ ಸಾಲಲಿಲ್ಲ, ಅದೃಷ್ಟವೂ ಕೂಡಲಿಲ್ಲ.

ಶಿವಮೊಗ್ಗದಲ್ಲಿದ್ದಾಗ ಪಕ್ಕದ ಮನೆಯ ನರ್ಸ್ ಒಬ್ಬರು ಹೇಳಿದ ಮಾತು ಕಾಡಿನ ಆಸೆಯವರೆಲ್ಲರಿಗೂ ಬೇಕಾದದ್ದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗುಗಳಿಂದ. ಅದರ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಮಳೆ ನಿಂತು ಕಾಡಿನಲ್ಲಿ ಓಡಾಡಲು ಅನುಕೂಲವಾಗುವ ತಿಂಗಳುಗಳಲ್ಲೇ. ಹೆದರಿ ಕಾಡನ್ನು ಬಿಡಬೇಕಿಲ್ಲ. ಆದರೆ ಸತ್ತ ಮಂಗ ಕಂಡ ಕಡೆ ಹೋಗಬಾರದು, ಮೈ ಮುಚ್ಚುವ ಬಟ್ಟೆ ಹಾಕಬೇಕು, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಬೇಕು. ಈ ಪಾಠ ಜನವರಿಯ ಪ್ರವಾಸದಲ್ಲಿ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಧಾರವಾಡದ ಏಪ್ರಿಲ್

ಶಿರಸಿಯ ಕೆಟ್ಟ ಕಾಲ ಜುಲೈ ಆದರೆ ಧಾರವಾಡದ್ದು ಏಪ್ರಿಲ್. ಅದಕ್ಕೇ 2024ರ ಏಪ್ರಿಲ್‌ನಲ್ಲಿ ಅಕ್ಕ ಸಪ್ತಾಪುರದಲ್ಲಿ ಒಂದು ಕೋಣೆ ಹಿಡಿದು ಐದು ವಾರ ಇದ್ದರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತುಂಬಿರುವ ಜಾಗ ಅದು. ಹೊರಗಿನಿಂದ ಬಂದು ಒಬ್ಬರೇ ಇರುವವರು ಅಲ್ಲಿ ಯಾರಿಗೂ ವಿಚಿತ್ರವಲ್ಲ. ವಿದ್ಯಾರ್ಥಿಗಳು, ಲೆಕ್ಚರರ್‌ಗಳು, ನರ್ಸುಗಳು ತಲೆಮಾರುಗಳಿಂದ ಬಂದಿರುವ ಊರಿಗೆ ಒಂಟಿ ಬಾಡಿಗೆದಾರರ ಅಭ್ಯಾಸವಿದೆ. ಬಾಡಿಗೆ ಸಿಗುವ ಮಟ್ಟಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಬಿಸಿಲು ಜೋರಾಗಿತ್ತು, ಆದರೆ ಬೆಳಗಿನ ಗಾಳಿ ತಂಪು. ಐದು ವಾರದಲ್ಲಿ 32 ದಿನ ನಡೆದರು. ಒಂದು ಬೆಳಿಗ್ಗೆ ಸಾಧನಕೇರಿ, ಒಂದು ಬೆಳಿಗ್ಗೆ ಕೆಲಗೇರಿ ಕೆರೆ, ಭಾನುವಾರ ನುಗ್ಗಿಕೇರಿಯ ಹನುಮಪ್ಪ. ಒಂದು ದಿನ ಮಾತ್ರೆ ಬರೆಸಿಕೊಳ್ಳುವ ನೆಪದಲ್ಲಿ ಸತ್ತೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಬಂದರು, ಇನ್ನೊಂದು ದಿನ ಚಿಗರಿಯಲ್ಲಿ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ ದಾರಿ ನೋಡಿಕೊಂಡರು. ತಮ್ಮ ಆರೋಗ್ಯ ವಿಮೆ ಎಲ್ಲಿ ನಡೆಯುತ್ತದೆಂದು ಕೌಂಟರಿನಲ್ಲೇ ಕೇಳಿ ಬರೆದುಕೊಂಡರು. ಕಾಯಿಲೆ ಇಲ್ಲದ ದಿನ ಆಸ್ಪತ್ರೆಯ ದಾರಿ ನೋಡಿಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಕೆಲಸ.

ಊರಿನ ದೊಡ್ಡ ತೊಂದರೆ ತಿಳಿದದ್ದೂ ಆಗಲೇ. ಹುಬ್ಬಳ್ಳಿ–ಧಾರವಾಡಕ್ಕೆ ಹೆಚ್ಚಿನ ನೀರು ಬರುವುದು ಸವದತ್ತಿಯ ಮಲಪ್ರಭಾ ಜಲಾಶಯದಿಂದ. ಕೆಲವು ಕಡೆ ದಿನವಿಡೀ ನೀರಿದೆ, ಬಹಳ ಕಡೆ ಐದಾರು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ಒಂದೇ ರಸ್ತೆಯ ಎರಡು ಬದಿಗೆ ಎರಡು ಕತೆ. ಆಮೇಲೆ ಮನೆ ನೋಡಿದ ಕಡೆಯೆಲ್ಲ ಅಕ್ಕ ಬಾಡಿಗೆಗಿಂತ ಮೊದಲು ಕೇಳುತ್ತಿದ್ದದ್ದು “ನಳ ಎಷ್ಟು ದಿನಕ್ಕೊಮ್ಮೆ ಬರ್ತಾವ್ರಿ?” ಈ ಪ್ರಶ್ನೆಯನ್ನು ಅಲ್ಲಿನ ಮಾತಿನಲ್ಲೇ ಕೇಳಲು ಕಲಿತಿದ್ದರು.

ಮನೆ ಸಿಕ್ಕಿದ್ದು ಹಳೆಯ ಬಡಾವಣೆಯೊಂದರಲ್ಲಿ, ನಿವೃತ್ತ ಶಿಕ್ಷಕಿಯೊಬ್ಬರ ಮಹಡಿಯ ಮೇಲೆ. ಅಂಗಳದಲ್ಲಿ ಪೇರಲ ಗಿಡ, ನೆಲದೊಳಗೆ ದೊಡ್ಡ ನೀರಿನ ತೊಟ್ಟಿ. ಅಕ್ಕ ಶಿವಮೊಗ್ಗದಲ್ಲಿ ಕಲಿತಿದ್ದರಿಂದ ಮೊದಲ ಮಾತಿನಲ್ಲೇ ಹೇಳಿದರು, “ನಾನೊಬ್ಬಳೇ ಇರೋದು, ಬೇರೆ ಯಾರೂ ಇಲ್ಲ.” ಆ ತಾಯಿ ಇವರ ಮುಖ ನೋಡಿ ಅಂದರಂತೆ: “ಒಬ್ಬಾಕಿನ ಇದ್ರ ಏನಾತ್ರಿ? ನಾನೂ ಒಬ್ಬಾಕಿನ ಅದೀನಿ. ಮ್ಯಾಲ ಕೆಳಗ ಇರೂಣಂತ.”

ಬಾಡಿಗೆ 8,500. ಹನ್ನೊಂದು ತಿಂಗಳ ಕರಾರು. 2024ರ ಜೂನ್‌ನಲ್ಲಿ ಬೆಂಗಳೂರಿನ ಮನೆ ಖಾಲಿ ಮಾಡಿದರು.

ಆಮೇಲೆ ಏನಾಯಿತು

ದುಡ್ಡಿನ ಲೆಕ್ಕ ಸರಳ. ಬಾಡಿಗೆಯಲ್ಲಿ ತಿಂಗಳಿಗೆ 9,000 ಉಳಿಯಿತು. ಬೆಂಗಳೂರಿಗೆ ಹೋಗಿಬರುವ ರೈಲು, ಬೇಸಿಗೆಯಲ್ಲಿ ಒಮ್ಮೊಮ್ಮೆ ತರಿಸುವ ನೀರಿನ ಟ್ಯಾಂಕರ್ ಕಳೆದರೂ ಏಳು ಸಾವಿರದಷ್ಟು ಕೈಯಲ್ಲಿ ನಿಲ್ಲುತ್ತದೆ. ಎರಡು ಅಂಗಡಿಯವರು ದೂರವಾಯಿತೆಂದು ಕೆಲಸ ಬಿಡಿಸಿದರು. ಧಾರವಾಡದಲ್ಲೇ ಮೂವರು ಸಿಕ್ಕರು. ಪ್ರಯೋಗದ ಮೂರು ವಾಸಕ್ಕೆ, ಎರಡು ಕಡೆ ಬಾಡಿಗೆ ಕಟ್ಟಿದ್ದೂ ಸೇರಿ, ಸುಮಾರು 55,000 ಖರ್ಚಾಗಿತ್ತು. ಅದು ಎಂಟು ತಿಂಗಳಲ್ಲಿ ಹುಟ್ಟಿತು. ಸಾಮಾನು ಸಾಗಿಸಿ, ಶಿರಸಿಯಲ್ಲಿ ಮನೆ ಹೂಡಿ, ಜುಲೈನಲ್ಲಿ ಕಿತ್ತುಕೊಂಡು ಬಂದಿದ್ದರೆ ಅದಕ್ಕಿಂತ ಹೆಚ್ಚು ಹೋಗುತ್ತಿತ್ತು, ಧೈರ್ಯವೂ ಹೋಗುತ್ತಿತ್ತು.

ಒಂಟಿತನದ ಲೆಕ್ಕ ಅಷ್ಟು ಸರಳವಾಗಿರಲಿಲ್ಲ. ಮೊದಲ ನಾಲ್ಕು ತಿಂಗಳು ಹೊಸತನದಲ್ಲಿ ಕಳೆದವು. ಐದನೇ ತಿಂಗಳು, ದೀಪಾವಳಿ ಮುಗಿದ ಮೇಲೆ, ಅಕ್ಕ ಕುಸಿದರು. ಭಾನುವಾರ ಮಧ್ಯಾಹ್ನಗಳು ಉದ್ದವಾದವು. ಒಂದು ರಾತ್ರಿ “ವಾಪಸ್ ಬರ್ಲಾ?” ಅಂತ ಮೆಸೇಜ್ ಬಂತು. ಈ ಸಲ ನಾನು ಸಲಹೆ ಕೊಡಲಿಲ್ಲ. ರೈಲು ಹತ್ತಿ ಹೋಗಿ ನಾಲ್ಕು ದಿನ ಅವರ ಜೊತೆ ಇದ್ದೆ. ಕರಾರು ಹನ್ನೊಂದು ತಿಂಗಳದ್ದು, ಮೇವರೆಗೆ ಇದ್ದು ನೋಡೋಣ ಎಂದು ಇಬ್ಬರೂ ಒಪ್ಪಿದೆವು. ಮನೆ ಕೊಂಡುಕೊಂಡಿದ್ದರೆ ಆ ರಾತ್ರಿ ಅದು ಸೆರೆಮನೆಯಾಗುತ್ತಿತ್ತು. ಬಾಡಿಗೆ ಮನೆಯಾದ್ದರಿಂದ ಉಸಿರಾಡಲು ಜಾಗವಿತ್ತು.

ಅವರನ್ನು ಎತ್ತಿದ್ದು ಗುಡ್ಡವೂ ಅಲ್ಲ, ಕೆರೆಯೂ ಅಲ್ಲ, ಒಂದು ಖಾನಾವಳಿ. ಒಬ್ಬರಿಗಾಗಿ ಅಡುಗೆ ಮಾಡಿ ಬೇಸತ್ತು ಮಧ್ಯಾಹ್ನದ ಊಟಕ್ಕೆ ಅಲ್ಲಿಗೆ ಹೋಗತೊಡಗಿದ್ದರು. ರೊಟ್ಟಿ, ಎಣ್ಣಿಗಾಯಿ, ಝುಣಕ, ಮೊಸರು. ಜ್ವರ ಬಂದು ಎರಡು ದಿನ ಹೋಗಿರಲಿಲ್ಲ. ಮೂರನೇ ದಿನ ಹೋದಾಗ ರೊಟ್ಟಿ ಬಡಿಸುವವರು ಕೇಳಿದರು: “ಎರಡ ದಿನ ಬರಲೇ ಇಲ್ಲಲ್ರಿ ಅಕ್ಕಾರ, ಆರಾಮ ಅದೀರಿಲ್ಲೋ?” ಅಕ್ಕ ಅಂದು ನನಗೆ ಫೋನ್ ಮಾಡಿ ಈ ಒಂದು ಮಾತನ್ನೇ ಮೂರು ಸಲ ಹೇಳಿದರು. ಒಬ್ಬರೇ ಇರುವವರು ಊರು ಆರಿಸುವಾಗ ಗುಡ್ಡ, ಬಾಡಿಗೆ, ಆಸ್ಪತ್ರೆ ಎಲ್ಲವನ್ನೂ ನೋಡುತ್ತಾರೆ. ಎರಡು ದಿನ ಕಾಣದಿದ್ದರೆ ಯಾರು ಕೇಳುತ್ತಾರೆ ಎಂಬುದನ್ನು ನೋಡುವುದಿಲ್ಲ. ಇದನ್ನು ಪಟ್ಟಿ ಮಾಡಿ ಹುಡುಕಲೂ ಬರುವುದಿಲ್ಲ. ದಿನಾ ಒಂದೇ ಹೊತ್ತಿಗೆ ಒಂದೇ ಕಡೆ ಹೋಗುತ್ತಿರಬೇಕು, ಅಷ್ಟೇ. ನಡೆದುಹೋಗಬಹುದಾದ ಊರಿನಲ್ಲಿ ಅದು ತಾನಾಗಿ ಆಗುತ್ತದೆ. ಶಿವಮೊಗ್ಗದ ಲೇಔಟಿನ ತುದಿಯ ಆ ಮನೆಯಲ್ಲಿದ್ದಿದ್ದರೆ ಆಗುತ್ತಿತ್ತೋ ಇಲ್ಲವೋ.

ಕಾಡು ಈಗಲೂ ಇದೆ, ಬೇರೆ ರೀತಿಯಲ್ಲಿ. ದಾಂಡೇಲಿ ಅರವತ್ತು ಕಿಲೋಮೀಟರಿನೊಳಗೆ. ಬೆಳಗಿನ ಬಸ್ಸಿಗೆ ಹೋಗಿ, ಮಂಗಟ್ಟೆ ಹಕ್ಕಿ ನೋಡಿ, ರಾತ್ರಿಗೆ ಮನೆ ಸೇರಬಹುದು. ಕಳೆದ ಎರಡು ಜನವರಿಗಳಲ್ಲೂ ಶಿರಸಿಗೆ ಹೋಗಿ ಆ ಹಳೆಯ ಮನೆಯವರಲ್ಲೇ ಎರಡು ದಿನ ಇದ್ದು ಬಂದರು. ಅತಿಥಿಯಾಗಿ ಹೋದಾಗ ಆ ಊರು ಅವರಿಗೆ ಮೊದಲ ಸಲದಷ್ಟೇ ಚಂದ ಕಂಡಿತು. ಕರಾರು ಎರಡು ಸಲ ಮುಂದುವರಿದಿದೆ, ಬಾಡಿಗೆ ಈಗ 9,000.

ಹೋದ ತಿಂಗಳು ನಾನು ಫೋನ್ ಮಾಡಿ, ಬುಧವಾರ ಬೆಂಗಳೂರಿಗೆ ಬನ್ನಿ, ಹಳೆಯ ಆಫೀಸಿನವರೆಲ್ಲ ಸೇರುತ್ತಿದ್ದೇವೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಅಕ್ಕ ಅಂದರು, “ಬುಧವಾರ ಬೇಡ ಕಣೆ. ಅವತ್ತು ನಳ ಬರೋ ದಿನ. ಕೆಳಗಿನ ಅಮ್ಮನಿಗೆ ಮಂಡಿ ನೋವು, ತೊಟ್ಟಿ ತುಂಬಿಸೋಕೆ ನಾನೇ ಇರ್ಬೇಕು.”